ವಿದೇಶಗಳಲ್ಲಿನ ರಾಯಭಾರ ಕಚೇರಿಗಳಲ್ಲಿ ಶುಶ್ರೂಷಕರ ಸೇವೆ: ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಅಭ್ಯರ್ಥಿಗಳಿಗೆ ಮಾಹಿತಿ

ಬೆಳಗಾವಿ ನಗರದ ಖಾಸಬಾಗ, ವಡಗಾವಿ ಮತ್ತು ಶಹಾಪುರ ಭಾಗಗಳು ನೇಕಾರಿಕೆಗೆ ಹೆಸರಾದವು. ಮಗ್ಗದ ದುಡಿಮೆಯನ್ನೇ ನಂಬಿದ ಕುಟುಂಬಗಳು ಮಕ್ಕಳನ್ನು ಮೂರು ವರ್ಷಗಳ ಜಿ.ಎನ್.ಎಂ. ಅಥವಾ ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ವ್ಯಾಸಂಗಕ್ಕೆ ಸೇರಿಸುವಾಗ ವಿದೇಶದ ಉದ್ಯೋಗವನ್ನು ನಿರೀಕ್ಷಿಸುವುದು ಸಹಜ. ರಾಯಭಾರ ಕಚೇರಿಯಲ್ಲಿ ಕೆಲಸ ಕೊಡಿಸುವುದಾಗಿ ಯಾರಾದರೂ ಹೇಳಿದಲ್ಲಿ, ಮನೆ ಅಥವಾ ಮಗ್ಗವನ್ನು ಒತ್ತೆಯಿಟ್ಟು ಹಣ ನೀಡುವ ಮೊದಲು ಅಂತಹ ಹುದ್ದೆಗಳು ಯಾವುವು, ಅವು ಹೇಗೆ ಭರ್ತಿಯಾಗುತ್ತವೆ ಎಂಬುದನ್ನು ತಿಳಿಯುವುದು ಅವಶ್ಯಕ.

ರಾಯಭಾರ ಕಚೇರಿಯು ಆಸ್ಪತ್ರೆಯಲ್ಲ. ಕೆಲವು ರಾಷ್ಟ್ರಗಳು ತಮ್ಮ ಅಧಿಕಾರಿಗಳು ಮತ್ತು ಅವರ ಕುಟುಂಬದವರಿಗಾಗಿ ಕಚೇರಿಯ ಆವರಣದಲ್ಲಿ ಸಣ್ಣ ಆರೋಗ್ಯ ಘಟಕವನ್ನು ನಡೆಸುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಘಟಕಗಳು ಇದಕ್ಕೆ ಉದಾಹರಣೆ. ಅಲ್ಲಿನ ಶುಶ್ರೂಷಕರು ಲಸಿಕೆ ನೀಡುವುದು, ಪ್ರಥಮ ಚಿಕಿತ್ಸೆ, ಸ್ಥಳೀಯ ಆಸ್ಪತ್ರೆಗೆ ಕಳುಹಿಸುವುದು, ತೀವ್ರ ಅಸ್ವಸ್ಥರಾದವರನ್ನು ವಿಮಾನದಲ್ಲಿ ಸಾಗಿಸಲು ಏರ್ಪಾಡು ಮಾಡುವುದು ಮುಂತಾದ ಕಾರ್ಯಗಳನ್ನು ನಿರ್ವಹಿಸುತ್ತಾರೆ. ಹುದ್ದೆಗಳು ಬೆರಳೆಣಿಕೆಯಷ್ಟು. ಅವುಗಳ ಪ್ರಕಟಣೆಯನ್ನು ಆಯಾ ಕಚೇರಿಯೇ ತನ್ನ ಅಂತರ್ಜಾಲ ತಾಣದಲ್ಲಿ ಹೊರಡಿಸುತ್ತದೆ. ಭಾರತದ ರಾಯಭಾರ ಕಚೇರಿಗಳು ಸ್ಥಳೀಯ ಸಿಬ್ಬಂದಿಯನ್ನು ನೇಮಿಸಿಕೊಳ್ಳುವ ಕ್ರಮವೂ ಇದೇ ಆಗಿರುತ್ತದೆ.

ಹಜ್ ವೈದ್ಯಕೀಯ ನಿಯೋಜನೆ

ಭಾರತದ ರಾಜತಾಂತ್ರಿಕ ಕಚೇರಿಯೊಂದರ ಅಧೀನದಲ್ಲಿ ಶುಶ್ರೂಷಕರು ಹೆಚ್ಚಿನ ಸಂಖ್ಯೆಯಲ್ಲಿ ಸೇವೆ ಸಲ್ಲಿಸುವ ಸಂದರ್ಭವೆಂದರೆ ಸೌದಿ ಅರೇಬಿಯಾದಲ್ಲಿನ ಹಜ್ ಋತು. ಜೆಡ್ಡಾದ ಭಾರತೀಯ ಕಾನ್ಸುಲೇಟ್ ಜನರಲ್ ಕಚೇರಿಯು ಮಕ್ಕಾ ಮತ್ತು ಮದೀನಾಗಳಲ್ಲಿ ತಾತ್ಕಾಲಿಕ ಆಸ್ಪತ್ರೆ ಹಾಗೂ ಔಷಧಾಲಯಗಳನ್ನು ತೆರೆಯುತ್ತದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸೇವೆಯಲ್ಲಿರುವ ವೈದ್ಯರು, ಶುಶ್ರೂಷಕರು, ಔಷಧ ವಿತರಕರು ಮತ್ತು ಪ್ರಯೋಗಾಲಯ ತಂತ್ರಜ್ಞರನ್ನು ಅಲ್ಪಾವಧಿಗೆ ಇಲ್ಲಿಗೆ ನಿಯೋಜಿಸಲಾಗುತ್ತದೆ. ಹಜ್ ನಿರ್ವಹಣೆಯ ಹೊಣೆಯು 2016ರಲ್ಲಿ ವಿದೇಶಾಂಗ ಮಂತ್ರಾಲಯದಿಂದ ಅಲ್ಪಸಂಖ್ಯಾತರ ವ್ಯವಹಾರಗಳ ಮಂತ್ರಾಲಯಕ್ಕೆ ವರ್ಗಾವಣೆಯಾಯಿತು. ಬೆಳಗಾವಿಯ ಜಿಲ್ಲಾ ಆಸ್ಪತ್ರೆ ಅಥವಾ ಖಾನಾಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಯಂ ಸರ್ಕಾರಿ ಸೇವೆಯಲ್ಲಿರುವವರು ಮಾತೃ ಇಲಾಖೆಯ ನಿರಾಕ್ಷೇಪಣಾ ಪತ್ರದೊಂದಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಮಕ್ಕಾ ನಗರಕ್ಕೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲದಿರುವುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಸದರಿ ಸೇವೆ ಸುಲಭವಾದುದಲ್ಲ. 2024 ಮತ್ತು 2025ರಲ್ಲಿ ಭಾರತಕ್ಕೆ ನಿಗದಿಯಾದ ಯಾತ್ರಿಕರ ಸಂಖ್ಯೆ 1,75,025. ಇವರಲ್ಲಿ ವಯೋವೃದ್ಧರು, ಮಧುಮೇಹ ಮತ್ತು ರಕ್ತದೊತ್ತಡ ಉಳ್ಳವರು ಅನೇಕರು. 2024ರ ಜೂನ್ ತಿಂಗಳಿನಲ್ಲಿ ಮಕ್ಕಾದಲ್ಲಿ ತಾಪಮಾನವು 51.8 ಡಿಗ್ರಿ ಸೆಲ್ಸಿಯಸ್ ತಲುಪಿತು. ಆ ವರ್ಷ ವಿವಿಧ ರಾಷ್ಟ್ರಗಳ 1,300ಕ್ಕೂ ಹೆಚ್ಚು ಯಾತ್ರಿಕರು ಮೃತಪಟ್ಟರು. ಬಿಸಿಲಿನ ಆಘಾತಕ್ಕೆ ಒಳಗಾದವರನ್ನು ಮೊದಲು ಗುರುತಿಸಿ ದೇಹವನ್ನು ತಂಪುಗೊಳಿಸುವ ಕೆಲಸ ಬಹುಮಟ್ಟಿಗೆ ಶುಶ್ರೂಷಕರದೇ. ಅಸ್ವಸ್ಥ ಯಾತ್ರಿಕರೊಡನೆ ಅವರ ಭಾಷೆಯಲ್ಲಿ ಮಾತನಾಡಬಲ್ಲವರ ಅಗತ್ಯವೂ ಇದೆ. ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಬರುವ ಬೆಳಗಾವಿಯಲ್ಲಿ ಸೇವೆ ಸಲ್ಲಿಸಿದವರಿಗೆ ಇದು ಅನುಕೂಲವೆನ್ನಬಹುದು.

ನೇಮಕಾತಿಯ ಕಾನೂನು ಸ್ಥಿತಿ

1961ರ ವಿಯೆನ್ನಾ ಒಡಂಬಡಿಕೆಯ ಪ್ರಕಾರ ರಾಯಭಾರ ಕಚೇರಿಯಲ್ಲಿರುವವರೆಲ್ಲರೂ ರಾಜತಾಂತ್ರಿಕರಲ್ಲ. ಸ್ವದೇಶದಿಂದ ಕಳುಹಿಸಲ್ಪಟ್ಟ ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿಗೆ ಕೆಲವು ವಿನಾಯಿತಿಗಳಿವೆ. ಸ್ಥಳೀಯವಾಗಿ ನೇಮಕಗೊಂಡವರಿಗೆ ಅವು ಬಹುತೇಕ ದೊರೆಯುವುದಿಲ್ಲ. ವೇತನ ಬಾಕಿ ಉಳಿದಲ್ಲಿ ವಿದೇಶಿ ಸರ್ಕಾರವನ್ನೇ ನ್ಯಾಯಾಲಯಕ್ಕೆ ಎಳೆಯುವುದು ಕಷ್ಟಸಾಧ್ಯ. ಲಂಡನ್‌ನ ಎರಡು ರಾಯಭಾರ ಕಚೇರಿಗಳಲ್ಲಿ ಗೃಹಕೃತ್ಯದ ಕೆಲಸದಲ್ಲಿದ್ದ ಇಬ್ಬರು ಮಹಿಳೆಯರ ಪ್ರಕರಣದಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ನೌಕರರ ಪರವಾಗಿ ತೀರ್ಪು ನೀಡಿತಾದರೂ ಎಲ್ಲ ರಾಷ್ಟ್ರಗಳಲ್ಲಿಯೂ ಇದೇ ನಿಲುವು ಇಲ್ಲ. ಆದುದರಿಂದ ವೇತನ, ಕೆಲಸದ ಅವಧಿ, ರಜೆ ಹಾಗೂ ಹಿಂತಿರುಗುವ ವಿಮಾನ ವೆಚ್ಚ ಇವೆಲ್ಲವೂ ಲಿಖಿತ ಒಪ್ಪಂದದಲ್ಲಿರತಕ್ಕದ್ದು.

ಖಾಸಗಿ ಆಸ್ಪತ್ರೆಗಳ ಉದ್ಯೋಗಕ್ಕೆ ತೆರಳುವವರಿಗೆ 1983ರ ವಲಸೆ ಅಧಿನಿಯಮ ಅನ್ವಯಿಸುತ್ತದೆ. ಕುವೈತ್‌ಗೆ ಶುಶ್ರೂಷಕರನ್ನು ಕಳುಹಿಸುವಲ್ಲಿ 19,500 ರೂಪಾಯಿ ಪಡೆಯಬೇಕಾಗಿದ್ದ ಕೇರಳದ ಖಾಸಗಿ ಏಜೆನ್ಸಿಯೊಂದು ಪ್ರತಿಯೊಬ್ಬರಿಂದ 19.5 ಲಕ್ಷ ರೂಪಾಯಿ ಪಡೆದಿದೆಯೆಂಬ ಆರೋಪದ ಮೇಲೆ 2015ರಲ್ಲಿ ಸಿ.ಬಿ.ಐ. ಪ್ರಕರಣ ದಾಖಲಿಸಿತು. ಅದೇ ವರ್ಷ ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ವಲಸೆ ಅನುಮತಿ ಅಗತ್ಯವಿರುವ ರಾಷ್ಟ್ರಗಳಿಗೆ ತೆರಳುವ ಶುಶ್ರೂಷಕರ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಲಾಯಿತು. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವು ಬೆಂಗಳೂರಿನಲ್ಲಿದ್ದು, ವಿದೇಶ ಉದ್ಯೋಗಾಕಾಂಕ್ಷಿಗಳಿಗೆ ಮಾರ್ಗದರ್ಶನ ನೀಡುತ್ತದೆ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ತೆರಿಗೆ ಮಾತ್ರ. ಪ್ರವಾಸಿ ವೀಸಾದ ಮೇಲೆ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದೆಂಬ ಸಲಹೆಯನ್ನು ಯಾವ ಕಾರಣಕ್ಕೂ ಒಪ್ಪಬಾರದು.

ದಾಖಲೆಗಳ ಪೈಕಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಮುಖ್ಯವಾದುದು. ಪ್ರಮಾಣಪತ್ರಗಳಿಗೆ ವಿದೇಶಾಂಗ ಮಂತ್ರಾಲಯದ ಅಪೊಸ್ಟಿಲ್ ಮುದ್ರೆ, ಅಪೊಸ್ಟಿಲ್ ಒಡಂಬಡಿಕೆಗೆ ಸೇರದ ರಾಷ್ಟ್ರಗಳಿಗಾದರೆ ಆ ರಾಷ್ಟ್ರದ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ, ವಿವಾಹಾನಂತರ ಮತ್ತೊಂದು ಹೀಗೆ ಹೆಸರು ಬದಲಾಗುವುದು ಗಡಿಭಾಗದಲ್ಲಿ ಅಪರೂಪವಲ್ಲ. ಅರ್ಜಿ ಸಲ್ಲಿಸುವ ಮೊದಲೇ ಇದನ್ನು ಸರಿಪಡಿಸಿಕೊಳ್ಳುವುದು ಲೇಸು. ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಪಾಸ್‌ಪೋರ್ಟ್ ಅರ್ಜಿ ಸ್ವೀಕರಿಸಲಾಗುತ್ತದೆ.

ವಿದೇಶ ತಲುಪಿದ ಕೂಡಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳತಕ್ಕದ್ದು. ಇರಾಕಿನ ತಿಕ್ರಿತ್‌ನಲ್ಲಿ ಸಿಲುಕಿದ್ದ 46 ಭಾರತೀಯ ಶುಶ್ರೂಷಕಿಯರು 2014ರ ಜುಲೈ 5ರಂದು ಕೊಚ್ಚಿಗೆ ಸುರಕ್ಷಿತವಾಗಿ ಮರಳಿದರು. ಆ ದಿನಗಳಲ್ಲಿ ಬಾಗ್ದಾದಿನ ರಾಯಭಾರ ಕಚೇರಿ ಅವರೊಂದಿಗೆ ದೂರವಾಣಿ ಸಂಪರ್ಕದಲ್ಲಿತ್ತು. ಸಂಕಷ್ಟದಲ್ಲಿರುವವರ ನೆರವಿಗೆ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ವೇತನ ತಡೆ, ಪಾಸ್‌ಪೋರ್ಟ್ ವಶಪಡಿಸಿಕೊಳ್ಳುವಿಕೆ ಮುಂತಾದ ದೂರುಗಳನ್ನು 'ಮದದ್' ಅಂತರ್ಜಾಲ ತಾಣದಲ್ಲಿ ನೌಕರರು ಮಾತ್ರವಲ್ಲದೆ ಊರಿನಲ್ಲಿರುವ ಅವರ ಕುಟುಂಬದವರೂ ದಾಖಲಿಸಬಹುದಾಗಿದೆ.