ಕಿಲ್ಲಾರಿ ಭೂಕಂಪದ ಮೂಲಪಾಠ: ಐರಿಸ್ ಒಕ್ಕೂಟ ಮತ್ತು ಗಡಿನಾಡಿನ ನೆನಪು



ಕನ್ನಡ ಸಾಹಿತ್ಯ ಓದುವವನು ಭೂಕಂಪದ ಬಗ್ಗೆ ಯಾಕೆ ಮಾತಾಡ್ತಾನೆ ಅನ್ನೋ ಪ್ರಶ್ನೆ ಬರಬಹುದು. ನಾನು ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟೆ ತಾಲೂಕಿನ ಕುರನೂರದವನು. ಕಿಲ್ಲಾರಿ ನಮ್ಮೂರಿಂದ ನೂರು ಕಿಲೋಮೀಟರಿನೊಳಗೇ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ, ಅಲ್ಲಿ ಭೂಮಿ ನಡುಗಿತು. ಹಿಂದಿನ ರಾತ್ರಿ ಗಣಪತಿ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ಭೂಕಂಪದ ಪ್ರಮಾಣ ಸುಮಾರು 6.2. ಸತ್ತವರು ಹತ್ತು ಸಾವಿರದ ಆಸುಪಾಸು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಷ್ಟೊಂದು ಜನ ಸಾಯಲು ಮುಖ್ಯ ಕಾರಣ ಮನೆಗಳು. ಒರಟು ಕಲ್ಲನ್ನು ಕೆಸರುಮಣ್ಣಿನಲ್ಲಿ ಕೂಡಿಸಿದ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆಯ ಭಾರ. ನಮ್ಮ ಭಾಗದ ಹಳೆಯ ಮನೆಗಳೂ ಇದೇ ರೀತಿಯವು.

ನಾನು ಹುಟ್ಟುವ ಮೊದಲೇ ನಡೆದದ್ದು ಇದು. ಹಾಗಾಗಿ ನನ್ನ ಮುಂದಿರೋದು ಎರಡು ಆಕರ ಮಾತ್ರ: ಯಂತ್ರ ಬರೆದುಕೊಂಡದ್ದು, ಜನ ನೆನಪಿಟ್ಟದ್ದು. ಮೊದಲನೆಯದನ್ನು ಹೇಗೆ ಕಾಪಾಡಿದರು, ಎರಡನೆಯದನ್ನು ನಾವು ಹೇಗೆ ಕಾಪಾಡಬೇಕು ಎಂಬುದೇ ಈ ಪ್ರಬಂಧದ ವಿಷಯ.

ಮೊದಲು ಯಂತ್ರದ ಕಥೆ. 1960ರ ದಶಕದಲ್ಲಿ ಅಮೆರಿಕ ಬೇರೆ ಬೇರೆ ದೇಶಗಳಲ್ಲಿ ಒಂದೇ ಮಾದರಿಯ ಸುಮಾರು 120 ಭೂಕಂಪ ಮಾಪನ ಕೇಂದ್ರಗಳ ಜಾಲ ಹಾಕಿತು. ಪುಣೆ, ಕೊಡೈಕೆನಾಲ್, ಶಿಲ್ಲಾಂಗ್ ಅದರಲ್ಲಿದ್ದವು. ಇದರ ಹಿಂದೆ ಇದ್ದದ್ದು ಬರೀ ವಿಜ್ಞಾನದ ಆಸಕ್ತಿಯಲ್ಲ. ಬೇರೆ ದೇಶ ನೆಲದೊಳಗೆ ಅಣುಬಾಂಬು ಸಿಡಿಸಿದರೆ ಗೊತ್ತಾಗಬೇಕಿತ್ತು. ನಮ್ಮ ಕರ್ನಾಟಕದ ಗೌರಿಬಿದನೂರಿನಲ್ಲಿ 1965ರಲ್ಲಿ ಬ್ರಿಟನ್ನಿನ ಸಹಕಾರದಿಂದ ಶುರುವಾದ ಕೇಂದ್ರದ ಹಿನ್ನೆಲೆಯೂ ಅದೇ. ಬಾಂಬಿನ ಸಪ್ಪಳ ಕೇಳಲು ಇಟ್ಟ ಕಿವಿಗೆ ಭೂಮಿಯ ಸಪ್ಪಳವೂ ಕೇಳಿತು.

ಮುಂದೆ ಆ ಯಂತ್ರಗಳು ಹಳೆಯವಾದವು. 1984ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಸೇರಿ ಲಾಭದ ಉದ್ದೇಶವಿಲ್ಲದ ಒಂದು ಒಕ್ಕೂಟ ಕಟ್ಟಿಕೊಂಡವು. ಅದೇ ಐರಿಸ್. ಹಣ ಬಹುಪಾಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ್ದು. ಒಂದೊಂದು ವಿಶ್ವವಿದ್ಯಾಲಯಕ್ಕೂ ಪ್ರತ್ಯೇಕವಾಗಿ ಕೊಳ್ಳಲಾಗದ ಉಪಕರಣವನ್ನು ಎಲ್ಲರೂ ಸೇರಿ ಇಟ್ಟುಕೊಳ್ಳೋಣ ಅನ್ನೋದು ಅದರ ಮೂಲ ವಿಚಾರ. ಜಗತ್ತಿನಾದ್ಯಂತ ಸುಮಾರು 150 ಕಾಯಂ ಕೇಂದ್ರಗಳ ಜಾಲವನ್ನು ಅದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೊತೆ ಸೇರಿ ಬೆಳೆಸಿತು. ಹೊತ್ತೊಯ್ಯಬಹುದಾದ ಉಪಕರಣಗಳನ್ನು ಸಂಶೋಧಕರಿಗೆ ಎರವಲು ಕೊಟ್ಟಿತು. ದಾಖಲೆಗಳನ್ನೆಲ್ಲ ಸಿಯಾಟಲ್ ನಗರದ ಭಂಡಾರದಲ್ಲಿಟ್ಟು ಕೇಳಿದವರಿಗೆ ಪುಕ್ಕಟೆ ತೆರೆದಿಟ್ಟಿತು. ಶಾಲಾ ಮಕ್ಕಳಿಗೆ, ಶಿಕ್ಷಕರಿಗೆ ಪಾಠದ ಸಾಮಗ್ರಿಯನ್ನೂ ತಯಾರಿಸಿತು. ಜಿಪಿಎಸ್‌ನಿಂದ ನೆಲದ ಚಲನೆ ಅಳೆಯುವವರ ಯುನಾವ್ಕೊ ಎಂಬ ಜೊತೆ ಸಂಸ್ಥೆಯೊಡನೆ 2023ರ ಜನವರಿ 1ರಂದು ಅದು ವಿಲೀನವಾಯಿತು. ಈಗಿನ ಹೆಸರು ಅರ್ಥ್‌ಸ್ಕೋಪ್ ಒಕ್ಕೂಟ.

ಇಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದು ಕರಾರು. ಉಪಕರಣ ಎರವಲು ಪಡೆದವರು ತಮ್ಮ ದಾಖಲೆಯನ್ನು ಭಂಡಾರಕ್ಕೆ ಒಪ್ಪಿಸಬೇಕು. ಸಾಮಾನ್ಯವಾಗಿ ಎರಡು ವರ್ಷ ಅದು ಅವರ ಬಳಕೆಗೆ, ಆಮೇಲೆ ಎಲ್ಲರದು. ಅಂದರೆ ದುಡಿದವರ ಹಕ್ಕೂ ಉಳಿಯಿತು, ದಾಖಲೆ ಒಬ್ಬರ ಕಪಾಟಿನಲ್ಲಿ ಕೂರುವುದೂ ತಪ್ಪಿತು.

ಶಾಸನಶಾಸ್ತ್ರ ಓದಿದ ನಮಗೆ ಇದು ಹೊಸದಲ್ಲ. 1886ರಿಂದ ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಪ್ರಕಟಿಸಿದರು. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿದರು. ಪಾಠ ಅಚ್ಚಾಗಿ ಕೈಗೆ ಸಿಕ್ಕಿದ್ದರಿಂದಲೇ ನಾವು 'ಈ ಅಕ್ಷರ ಹೀಗಲ್ಲ, ಹಾಗೆ' ಅಂತ ವಾದಿಸಬಹುದು. ಅರ್ಥದ ಬಗ್ಗೆ ಜಗಳ ಇರಲಿ, ಮೂಲಪಾಠ ಮಾತ್ರ ಎಲ್ಲರ ಮುಂದಿರಬೇಕು. ಭೂಕಂಪದ ತರಂಗರೇಖೆ ಭೂಮಿ ತಾನೇ ಬರೆದ ಶಾಸನ. ಐರಿಸ್ ಮಾಡಿದ್ದು ಅದರ ಸಂಪುಟಗಳನ್ನು.

ಕಿಲ್ಲಾರಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಆ ಪ್ರದೇಶ ಅತ್ಯಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1992ರ ಅಕ್ಟೋಬರ್, ನವೆಂಬರಿನಲ್ಲೇ ಅಲ್ಲಿ ಸಣ್ಣ ಕಂಪನಗಳು ಸಾಲಾಗಿ ಬಂದಿದ್ದವು. ಹತ್ತಿರದಲ್ಲಿ ದಟ್ಟವಾದ ಯಂತ್ರಜಾಲ ಇರಲಿಲ್ಲ. ಭೂಕಂಪದ ನಂತರ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಬಂದರು, ಜರ್ಮನಿಯ ತಂಡವೂ ಉಪಕರಣ ಹೊತ್ತು ಬಂತು. ಆಮೇಲೆ 617 ಮೀಟರ್ ಆಳಕ್ಕೆ ಕೊರೆದು ನೋಡಿದಾಗ ಮೇಲಿನ ಕಪ್ಪುಶಿಲೆಯ ಹಾಸು 338 ಮೀಟರ್ ದಪ್ಪ ಇದೆಯೆಂದು ತಿಳಿಯಿತು. ಆದರೆ ತೇರಣಾ ಜಲಾಶಯದ ನೀರಿಗೂ ಭೂಕಂಪಕ್ಕೂ ಸಂಬಂಧ ಇತ್ತೇ ಅನ್ನುವ ವಾದ ಮುಂದುವರಿಯಿತು. 1967ರ ಕೊಯ್ನಾ ಭೂಕಂಪವನ್ನು ಜಲಾಶಯದೊಂದಿಗೆ ಜೋಡಿಸಿ ಓದುವುದು ರೂಢಿಯಾಗಿದ್ದರಿಂದ ಪ್ರಶ್ನೆ ಸಹಜವೇ. ಬೋರಿ ನದಿಯ ಅಣೆಕಟ್ಟಿನ ಪಕ್ಕ ಬದುಕುವ ಕುರನೂರದವರಿಗೂ ಇದು ಬರೀ ಪಂಡಿತರ ಚರ್ಚೆಯಲ್ಲ. ಇಂಥ ವಾದ ಬಗೆಹರಿಯಬೇಕಾದರೆ ನಡುಗುವ ಮೊದಲಿನ ದಾಖಲೆ ಬೇಕು. ನಡುಗಿದ ಮೇಲೆ ತಂದಿಟ್ಟ ಯಂತ್ರ ಹಿಂದಿನದನ್ನು ಹೇಳಲಾರದು.

ಐರಿಸ್ ಬಗ್ಗೆ ಬರೀ ಹೊಗಳಿಕೆಯೂ ಸರಿಯಲ್ಲ. ತೆರೆದಿಟ್ಟ ಮಾತ್ರಕ್ಕೆ ಎಲ್ಲರಿಗೂ ಸಿಕ್ಕಂತಾಗುವುದಿಲ್ಲ. ಭಾಷೆ ಇಂಗ್ಲಿಷ್, ಓದಲು ತರಬೇತಿ ಬೇಕು, ಹಣ ಒಂದು ದೇಶದ ಬಜೆಟ್ಟಿಗೆ ಕಟ್ಟಿದ್ದು. ಆದರೂ ಅದರ ಶಿಸ್ತಿನಿಂದ ಕಲಿಯೋದು ಇದೆ.

ಈಗ ಎರಡನೆಯ ಆಕರಕ್ಕೆ ಬರ್ತೇನೆ. ಭೂಕಂಪದ 'ಪ್ರಮಾಣ'ವನ್ನು ಯಂತ್ರದಿಂದ ಲೆಕ್ಕ ಹಾಕುತ್ತಾರೆ. 'ತೀವ್ರತೆ'ಯನ್ನು ಮಾತ್ರ ಊರೂರಿನ ಹಾನಿಯಿಂದ, ಜನರ ಅನುಭವದಿಂದ ಅಳೆಯುತ್ತಾರೆ. ಮಲಗಿದ್ದವರು ಎದ್ದರೇ, ಭಾಂಡಿ ಬಿದ್ದವೇ, ಗೋಡೆ ಬಿರಿಯಿತೇ ಎಂಬುದೇ ಅಲ್ಲಿ ಅಳತೆ. ಅಂದರೆ ಜನರ ಮಾತೇ ದತ್ತಾಂಶ! ನಮ್ಮ ಮನೆಯ ಹಿರಿಯರು ಹೇಳೋದು ಹೀಗೆ: "ಹೊರಸು ಯಾರೋ ಹಿಡದು ಅಲ್ಲಾಡ್ಸಿದಂಗಾತು, ಜಂತಿಯಿಂದ ಮಣ್ಣು ಉದುರ್ತು." ಈ ಮಾತಿನಲ್ಲಿ ಅಲುಗಾಟ ಇದೆ, ಹಾನಿ ಇದೆ, ಮನೆ ಯಾವ ರೀತಿಯದು ಅನ್ನೋದೂ ಇದೆ. ಇದನ್ನು 'ಭೂಮಿ ಕಂಪಿಸಿತು' ಅಂತ ಶಿಷ್ಟ ಕನ್ನಡಕ್ಕೋ ಮರಾಠಿಗೋ ತಿದ್ದಿ ಬರೆದರೆ ಅಳತೆಯೇ ಕಳೆದುಹೋಗುತ್ತದೆ. ಹಾಗಾಗಿ ಈ ಕೆಲಸ ವಿಜ್ಞಾನಿಗಳಷ್ಟೇ ನಮ್ಮದೂ ಹೌದು. ಉಪಭಾಷೆ ಬಲ್ಲವರು ನಾವು.

ಭೂಕಂಪಕ್ಕೆ ರಾಜ್ಯದ ಗಡಿ ಇರಲಿಲ್ಲ. ಲಾತೂರ, ಧಾರಾಶಿವ, ಸೊಲ್ಲಾಪುರ, ಬೀದರ, ಕಲಬುರಗಿಯ ನೆನಪುಗಳನ್ನು ರಾಜ್ಯವಾರು, ಭಾಷಾವಾರು ಹಂಚಿದರೆ ಒಂದು ನಕ್ಷೆಯ ತುಂಡುಗಳಾಗುತ್ತವೆ. ನನ್ನ ಸಲಹೆ ಸಣ್ಣದು. ಗಡಿಯ ಎರಡೂ ಕಡೆಯ ಕಾಲೇಜು, ವಿಶ್ವವಿದ್ಯಾಲಯಗಳ ಕನ್ನಡ, ಮರಾಠಿ, ಉರ್ದು ವಿಭಾಗಗಳು ಸೇರಿ ಈ ಮಾತುಗಳನ್ನು ಧ್ವನಿಮುದ್ರಿಸಬೇಕು. ಹೇಳಿದವರ ಒಪ್ಪಿಗೆ, ಊರು, ಆ ರಾತ್ರಿ ಮಲಗಿದ್ದ ಜಾಗ, ಮನೆಯ ರೀತಿ ಪ್ರತಿಯೊಂದಕ್ಕೂ ಜೊತೆಯಾಗಿರಬೇಕು. ಯಂತ್ರದ ದಾಖಲೆಗೆ ಸ್ಥಳ, ಸಮಯ ಎಷ್ಟು ಮುಖ್ಯವೋ ಇದಕ್ಕೆ ಇವೂ ಅಷ್ಟೇ. ಸಂಗ್ರಹಿಸಿದವರು ಎರಡು ವರ್ಷ ಬಳಸಲಿ, ಪ್ರಬಂಧ ಬರೆಯಲಿ. ಆಮೇಲೆ ಎಲ್ಲರಿಗೂ ತೆರೆಯಲಿ.

ಆ ರಾತ್ರಿ ನಡುವಯಸ್ಸಿನಲ್ಲಿದ್ದವರು ಈಗ ಮುಪ್ಪಿನವರು. ಯಂತ್ರದ ದಾಖಲೆಗೆ ಪ್ರತಿ ತೆಗೆದಿಟ್ಟಿದ್ದಾರೆ, ಇವರ ಮಾತಿಗೆ ಪ್ರತಿ ಇಲ್ಲ. ಮುಂದಿನ ಸೆಮಿಸ್ಟರಿನ ಕ್ಷೇತ್ರಕಾರ್ಯಕ್ಕೆ ವಿಷಯ ಹುಡುಕುತ್ತಿರುವ ಗೆಳೆಯರು ದಯವಿಟ್ಟು ಇದನ್ನು ಯೋಚಿಸಿ. ಅಕ್ಕಲಕೋಟೆ ತಾಲೂಕಿನ ಹಳ್ಳಿಗಳ ಕೆಲಸಕ್ಕೆ ನಾನು ತಯಾರಿದ್ದೇನೆ. ಪ್ರಶ್ನೆಗಳಿದ್ದರೆ ಕೇಳಬಹುದು.