ಕೀಲಿಮಣೆಯ ಕಥೆ: ಬೆರಳಿಗೆ ಒಪ್ಪುವುದನ್ನು ಆರಿಸುವ ಬಗೆ

ಗಣಕಯಂತ್ರ ಕೊಳ್ಳಲು ಹೊರಟವರು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಕೀಬೋರ್ಡನ್ನು ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ತಂದುಬಿಡುತ್ತಾರೆ. ಇದಕ್ಕೆ ತದ್ವಿರುದ್ಧವಾದ ಮಾತೂ ಈಗ ಮನೆಮನೆಗಳಲ್ಲಿ ಕೇಳುತ್ತಿದೆ. ಬಣ್ಣಬಣ್ಣದ ದೀಪ ಉರಿಯುವ 'ಮೆಕ್ಯಾನಿಕಲ್ ಕೀಬೋರ್ಡ್' ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಸಾಮಾನ್ಯ ಕೀಬೋರ್ಡಿಗಿಂತ ಹಲವು ಪಟ್ಟು ಬೆಲೆ ಏಕೆಂದು ತಂದೆತಾಯಿಗಳಿಗೆ ಅರ್ಥವಾಗುವುದಿಲ್ಲ, ಮಕ್ಕಳಿಗೂ ವಿವರಿಸಿ ಹೇಳಲು ಬರುವುದಿಲ್ಲ. ದಿನಕ್ಕೆ ಸಾವಿರಾರು ಸಲ ಬೆರಳು ಮುಟ್ಟುವ ಈ ಸಾಧನ ಎಲ್ಲಿಂದ ಬಂತು ಎಂದು ತಿಳಿದರೆ, ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ.

ಕೀಬೋರ್ಡಿನ ಮೇಲ್ಸಾಲನ್ನು ನೋಡಿ. ಕ್ಯು, ಡಬ್ಲ್ಯು, ಇ, ಆರ್, ಟಿ, ವೈ. ಇದು ವರ್ಣಮಾಲೆಯ ಕ್ರಮವಲ್ಲ. ಅಮೆರಿಕದ ಮಿಲ್ವಾಕಿ ನಗರದ ಪತ್ರಿಕಾ ಸಂಪಾದಕ ಹಾಗೂ ಮುದ್ರಕ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಅವರ ಸಂಗಡಿಗರು 1868ರಲ್ಲಿ ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ಪಡೆದರು. ಬಂದೂಕು, ಹೊಲಿಗೆ ಯಂತ್ರಗಳನ್ನು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿ 1873ರಲ್ಲಿ ಅದನ್ನು ಕೈಗೆತ್ತಿಕೊಂಡು ಮರುವರ್ಷ ಮಾರುಕಟ್ಟೆಗೆ ತಂದಿತು. ಆ ಯಂತ್ರದಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. 1878ರ ಎರಡನೆಯ ಮಾದರಿಯಲ್ಲಿ ಶಿಫ್ಟ್ ಕೀಲಿ ಬಂತು, ಒಂದೇ ಕೀಲಿಯಿಂದ ಎರಡು ಅಕ್ಷರ ಮೂಡಿಸುವ ಉಪಾಯ ದೊರೆಯಿತು. ಈ ಶಿಫ್ಟ್ ಕೀಲಿಯನ್ನು ನೆನಪಿನಲ್ಲಿಡಿ. ಕನ್ನಡ ಮತ್ತು ಉರ್ದುವಿನ ವಿಷಯ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಅಕ್ಷರದ ಸರಳುಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ಈ ಕ್ರಮ ಮಾಡಿದರು ಎಂಬುದು ಎಲ್ಲರೂ ಹೇಳುವ ಮಾತು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2011ರಲ್ಲಿ ಇದನ್ನು ಪ್ರಶ್ನಿಸಿದರು. ತಂತಿ ಸಂದೇಶಗಳನ್ನು ಕೇಳುತ್ತ ಬರೆದುಕೊಳ್ಳುವವರ ಅನುಕೂಲವೇ ಈ ಜೋಡಣೆಯನ್ನು ರೂಪಿಸಿತು ಎಂಬುದು ಅವರ ವಾದ. ಇಂಗ್ಲಿಷಿನಲ್ಲಿ ಪದೇ ಪದೇ ಜೊತೆಯಾಗಿ ಬರುವ ಇ ಮತ್ತು ಆರ್ ಅಕ್ಷರಗಳು ಇಲ್ಲಿ ಅಕ್ಕಪಕ್ಕದಲ್ಲೇ ಕುಳಿತಿರುವುದನ್ನು ನೋಡಿದರೆ ಹಳೆಯ ಮಾತನ್ನು ಪೂರ್ತಿ ನಂಬಲು ನನಗೂ ಮನಸ್ಸಾಗುವುದಿಲ್ಲ.

ಕಾರಣ ಏನೇ ಇರಲಿ, ಆ ಕ್ರಮ ಉಳಿದದ್ದು ಬೆರಳುಗಳ ಅಭ್ಯಾಸದಿಂದ. 1888ರಲ್ಲಿ ಸಿನ್ಸಿನಾಟಿಯಲ್ಲಿ ನಡೆದ ಬೆರಳಚ್ಚು ಪಂದ್ಯದಲ್ಲಿ ಫ್ರಾಂಕ್ ಮೆಕ್‌ಗರಿನ್ ಕೀಲಿಗಳನ್ನು ನೋಡದೆಯೇ ಹತ್ತೂ ಬೆರಳುಗಳಿಂದ ಟೈಪು ಮಾಡಿ ಗೆದ್ದರು. ಅವರ ಮುಂದೆ ಇದ್ದದ್ದು ರೆಮಿಂಗ್ಟನ್ ಯಂತ್ರ. ಅಲ್ಲಿಂದ ಟೈಪಿಂಗ್ ಶಾಲೆಗಳು ಅದೇ ಜೋಡಣೆಯನ್ನು ಕಲಿಸಿದವು, ಕಲಿತವರು ಅದೇ ಯಂತ್ರವನ್ನು ಕೇಳಿದರು. 1936ರಲ್ಲಿ ಆಗಸ್ಟ್ ಡ್ವೊರಾಕ್ ಸ್ವರಗಳನ್ನೆಲ್ಲ ನಡುಸಾಲಿನ ಎಡಕ್ಕೆ ತಂದು ಬೇರೆಯೇ ಜೋಡಣೆಗೆ ಪೇಟೆಂಟ್ ಪಡೆದರೂ ಕಲಿತ ಬೆರಳುಗಳನ್ನು ಅಲುಗಿಸಲಾಗಲಿಲ್ಲ.

ಭಾರತದಲ್ಲಿ 1955ರಲ್ಲಿ ಗೋದ್ರೆಜ್ ಸ್ವದೇಶಿ ಬೆರಳಚ್ಚು ಯಂತ್ರ ತಯಾರಿಸಿತು. ನಮ್ಮ ಪ್ರತಿ ತಾಲ್ಲೂಕು ಕೇಂದ್ರದ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕುಳಿತವರ ಕಿವಿಯಲ್ಲಿ ಆ ಟಕಟಕ ಇನ್ನೂ ಇದ್ದೀತು. ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯ ಜೊತೆ ಅನಂತಸುಬ್ಬರಾಯರ ಹೆಸರು ಸೇರಿದೆ. ನಮ್ಮ ಒತ್ತಕ್ಷರ, ಗುಣಿತಾಕ್ಷರಗಳನ್ನು ನಾಲ್ಕು ಸಾಲಿನ ಕೀಲಿಗಳಲ್ಲಿ ಅಡಕಗೊಳಿಸುವುದು ಹಗುರವಾದ ಕೆಲಸವಲ್ಲ. ಒತ್ತಕ್ಷರದ ಕೀಲಿ ಒತ್ತಿದಾಗ ಕಾಗದ ಮುಂದೆ ಸರಿಯದಂತೆ ಮಾಡಿ, ಅಕ್ಷರದ ಕೆಳಗೆ ಅಕ್ಷರ ಕೂರಿಸಿದರು. ಗೋದ್ರೆಜ್ 2009ರಲ್ಲಿ ಬೆರಳಚ್ಚು ಯಂತ್ರದ ತಯಾರಿಕೆಯನ್ನು ನಿಲ್ಲಿಸಿತು.

ಉರ್ದುವಿನ ಕಷ್ಟ ಇದಕ್ಕಿಂತ ದೊಡ್ಡದಿತ್ತು. ನಸ್ತಾಲೀಖ್ ಲಿಪಿಯಲ್ಲಿ ಪದ ಬಲದಿಂದ ಎಡಕ್ಕೆ ಇಳಿಜಾರಾಗಿ ಜಾರುತ್ತದೆ, ಪಕ್ಕದ ಅಕ್ಷರ ಬದಲಾದರೆ ಆಕಾರವೂ ಬದಲಾಗುತ್ತದೆ. ಬೆರಳಚ್ಚು ಯಂತ್ರಕ್ಕೆ ಅದು ಒಗ್ಗಲಿಲ್ಲ, ನಸ್ಖ್ ಲಿಪಿಯಲ್ಲೇ ತೃಪ್ತಿಪಡಬೇಕಾಯಿತು. ಆದ್ದರಿಂದಲೇ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಿಂದ ಬರೆದು ಮುದ್ರಣಕ್ಕೆ ಕೊಡುತ್ತಿದ್ದರು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಜೋಡಕ್ಷರಗಳನ್ನು ಕೈಯಾರೆ ಬರೆದು, ಮಾನೊಟೈಪ್ ಕಂಪನಿಯ ಸಹಾಯದಿಂದ ನೂರಿ ನಸ್ತಾಲೀಖ್ ಅಕ್ಷರಮಾಲೆಯನ್ನು ಗಣಕಕ್ಕೆ ತಂದರು. ಅದೇ ವರ್ಷ ಲಾಹೋರಿನ 'ಜಂಗ್' ಪತ್ರಿಕೆ ಅದರಲ್ಲಿ ಅಚ್ಚಾಯಿತು. 1994ರಲ್ಲಿ ದೆಹಲಿಯ ಕಂಪನಿಯೊಂದು ಇನ್‌ಪೇಜ್ ತಂತ್ರಾಂಶ ಹೊರತಂದ ಮೇಲೆ ನಮ್ಮ ಊರುಗಳಲ್ಲೂ ಮದುವೆಯ ಕರೆಯೋಲೆಯಿಂದ ಹಿಡಿದು ಪತ್ರಿಕೆಯವರೆಗೆ ಉರ್ದು ಕೀಬೋರ್ಡಿನಿಂದ ಹೊರಬರತೊಡಗಿತು.

ಇನ್ನು ಕೀಲಿಯ ಒಳಗಿನ ಕಥೆಗೆ ಬರೋಣ. ಬೆಲೆಯ ಗುಟ್ಟು ಇರುವುದು ಅಲ್ಲಿ. ಐಬಿಎಂ ಕಂಪನಿ 1981ರ ತನ್ನ ಪಿಸಿಯ ಜೊತೆಗೂ, 1985ರ 'ಮಾಡೆಲ್ ಎಂ' ಕೀಬೋರ್ಡಿನಲ್ಲೂ ಪ್ರತಿ ಕೀಲಿಯ ಕೆಳಗೆ ಒಂದು ಸ್ಪ್ರಿಂಗ್ ಇಟ್ಟಿತ್ತು. ಒತ್ತಿದಾಗ ಅದು ಒಂದು ಹಂತದಲ್ಲಿ ಫಕ್ಕನೆ ಬಾಗುತ್ತದೆ, ಟಕ್ ಎನ್ನುತ್ತದೆ, ಅದೇ ಕ್ಷಣ ಅಕ್ಷರ ದಾಖಲಾಗುತ್ತದೆ. ಬೆರಳಚ್ಚು ಯಂತ್ರಕ್ಕೆ ಒಗ್ಗಿದ ಕೈಗಳಿಗೆ ಅಕ್ಷರ ಬಿತ್ತು ಎಂಬ ಭರವಸೆ ಕೊಡುವುದೇ ಅದರ ಉದ್ದೇಶ. ಎರಡು ಕಿಲೋಗೂ ಹೆಚ್ಚು ತೂಗುತ್ತಿದ್ದ ಆ ಕೀಬೋರ್ಡುಗಳಲ್ಲಿ ಕೆಲವನ್ನು ಜನ ಇಂದಿಗೂ ಬಳಸುತ್ತಾರೆ. ಆದರೆ ಗಣಕಯಂತ್ರದ ಬೆಲೆ ಇಳಿದಂತೆ ಕೀಬೋರ್ಡೂ ಅಗ್ಗವಾಗಬೇಕಾಯಿತು. ಎಲ್ಲ ಕೀಲಿಗಳ ಕೆಳಗೂ ಒಂದೇ ರಬ್ಬರ್ ಹಾಳೆ, ಅದರಲ್ಲಿ ಪುಟ್ಟ ಪುಟ್ಟ ಗುಮ್ಮಟಗಳು, ಅದರಡಿ ಪ್ಲಾಸ್ಟಿಕ್ ಪದರ. ನಮ್ಮ ಶಾಲಾ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಮೆಂಬ್ರೇನ್ ಕೀಬೋರ್ಡ್. ಇದರಲ್ಲಿ ಗುಮ್ಮಟವನ್ನು ತಳದವರೆಗೂ ಅದುಮಬೇಕು, ವರ್ಷ ಕಳೆದಂತೆ ರಬ್ಬರ್ ಸೊರಗುತ್ತದೆ.

ಮೆಕ್ಯಾನಿಕಲ್ ಎನ್ನುವುದರಲ್ಲಿ ಪ್ರತಿ ಕೀಲಿಗೂ ಅದರದೇ ಸ್ವಿಚ್ ಇರುತ್ತದೆ. ಅಮೆರಿಕದಲ್ಲಿ 1953ರಲ್ಲಿ ಆರಂಭವಾಗಿ ಜರ್ಮನಿಯಲ್ಲಿ ನೆಲೆಯೂರಿದ ಚೆರ್ರಿ ಕಂಪನಿ 1983ರಲ್ಲಿ 'ಎಂಎಕ್ಸ್' ಸ್ವಿಚ್ಚಿಗೆ ಪೇಟೆಂಟ್ ಪಡೆಯಿತು. ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಅರ್ಧ ದಾರಿಯಲ್ಲೇ ಅಕ್ಷರ ದಾಖಲಾಗುತ್ತದೆ. ತಳಕ್ಕೆ ಬಡಿಯಬೇಕಾಗಿಲ್ಲ. ಸ್ವಿಚ್ಚಿನ ಬಣ್ಣವೇ ಅದರ ಗುಣದ ಗುರುತು. ಕೆಂಪು ಸುಮಾರು 45 ಗ್ರಾಂ ಒತ್ತಡಕ್ಕೆ ನುಣ್ಣಗೆ ಇಳಿಯುತ್ತದೆ. ಕಪ್ಪು ಹಾಗೆಯೇ, ಆದರೆ ಬಿಗಿ. ಕಂದು ನಡುದಾರಿಯಲ್ಲಿ ಸಣ್ಣ ತಡೆಯನ್ನು ಬೆರಳಿಗೆ ತಿಳಿಸುತ್ತದೆ, ಹೆಚ್ಚು ಸದ್ದು ಮಾಡುವುದಿಲ್ಲ. ನೀಲಿ ತಡೆಯ ಜೊತೆಗೆ ಟಿಕ್ ಎಂದು ಕೂಗುತ್ತದೆ. ಈ ನೀಲಿ ಸ್ವಿಚ್ಚಿನ ಸದ್ದು ನಮಗೆ ಹೊಸದೇನಲ್ಲ. ಬ್ಯಾಂಕುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದ ಟಿವಿಎಸ್ ಗೋಲ್ಡ್ ಕೀಬೋರ್ಡಿನಲ್ಲಿ ಇದ್ದದ್ದು ಅದೇ. ದೀಪವಿಲ್ಲ, ಅಲಂಕಾರವಿಲ್ಲ, ಆದರೆ ಅದು ಮೆಕ್ಯಾನಿಕಲ್ ಕೀಬೋರ್ಡೇ. ಇದು ಗೊತ್ತಿಲ್ಲದೆ ಎಷ್ಟೋ ಜನ ಅದನ್ನು ಹಳೆಯ ಸಾಮಾನೆಂದು ಗುಜರಿಗೆ ಹಾಕಿದರು.

ಚೆರ್ರಿಯ ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಕೈಲ್, ಗ್ಯಾಟೆರಾನ್, ಔಟೆಮು ಮೊದಲಾದ ಕಂಪನಿಗಳು ಅದೇ ಮಾದರಿಯ ಸ್ವಿಚ್ಚುಗಳನ್ನು ಹೇರಳವಾಗಿ ತಯಾರಿಸಿದವು. ಬೆಲೆ ಇಳಿದದ್ದು ಹಾಗೆ. ಈಗ ಕೆಲವು ಕೀಬೋರ್ಡುಗಳಲ್ಲಿ ಬೆಸುಗೆಯ ಹಂಗಿಲ್ಲದೆ ಒಂದು ಸ್ವಿಚ್ಚನ್ನು ಕಿತ್ತು ಇನ್ನೊಂದನ್ನು ಕೂರಿಸಬಹುದು. ಕೆಟ್ಟದ್ದೊಂದನ್ನು ಮಾತ್ರ ಬದಲಿಸಿ ಮುಂದುವರಿಯುವ ಈ ಸೌಕರ್ಯಕ್ಕೆ ಕೊಡುವ ಹಣ ದೀಪಕ್ಕೆ ಕೊಡುವ ಹಣಕ್ಕಿಂತ ಸಾರ್ಥಕ ಎಂಬುದು ನನ್ನ ಅಭಿಪ್ರಾಯ.

ಆಟದ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ. ಎಡಗೈಯನ್ನು ಡಬ್ಲ್ಯು, ಎ, ಎಸ್, ಡಿ ಕೀಲಿಗಳ ಮೇಲಿಟ್ಟು ಆಡುವ ರೂಢಿ ಜನಪ್ರಿಯವಾದದ್ದು ಡೆನಿಸ್ ಫಾಂಗ್ ಎಂಬ ಆಟಗಾರನಿಂದ. 'ಕ್ವೇಕ್' ಆಟದ 1997ರ ಪಂದ್ಯದಲ್ಲಿ ಆತ ಗೆದ್ದದ್ದು ಅದನ್ನು ರೂಪಿಸಿದವರಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ಅವರ ಫೆರಾರಿ ಕಾರನ್ನು! ಆಟದಲ್ಲಿ ಮೂರು ನಾಲ್ಕು ಕೀಲಿಗಳನ್ನು ಒಮ್ಮೆಗೇ ಒತ್ತಬೇಕಾಗುತ್ತದೆ. ಕೀಲಿಗಳು ಒಳಗೆ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಣೆಯಾಗಿರುತ್ತವೆ. ಒಂದು ಚೌಕದ ಮೂರು ಮೂಲೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಯಂತ್ರಕ್ಕೆ ಕಾಣಬಹುದು. ಆದ್ದರಿಂದ ಅಗ್ಗದ ಕೀಬೋರ್ಡುಗಳು ಕೆಲವು ಕೀಲಿಗಳನ್ನು ಬೇಕೆಂದೇ ನಿರ್ಲಕ್ಷಿಸುತ್ತವೆ. ಒಳ್ಳೆಯವುಗಳಲ್ಲಿ ಪ್ರತಿ ಕೀಲಿಗೂ ಒಂದೊಂದು ಡಯೋಡ್ ಹಾಕಿ ಈ ಗೊಂದಲ ತಪ್ಪಿಸುತ್ತಾರೆ. ಈಗ ಬಹಳ ಪ್ರಚಾರದಲ್ಲಿರುವ, ಅಯಸ್ಕಾಂತದಿಂದ ನಡೆಯುವ ಹಾಲ್ ಎಫೆಕ್ಟ್ ಸ್ವಿಚ್ಚುಗಳೂ ತೀರ ಹೊಸವಲ್ಲ. 1960ರ ದಶಕದ ಕೊನೆಗೇ ಹನಿವೆಲ್ ಕಂಪನಿ ಅಂಥ ಕೀಲಿಮಣೆ ಮಾಡಿತ್ತು. ಬೆರಳಿನ ಕೆಲಸವನ್ನು ಕೀಬೋರ್ಡೇ ಮಾಡಿಕೊಡುವ ಕೆಲವು ಸೌಲಭ್ಯಗಳನ್ನು 2024ರ ಆಗಸ್ಟಿನಲ್ಲಿ 'ಕೌಂಟರ್ ಸ್ಟ್ರೈಕ್' ಆಟದ ಕಂಪನಿ ತನ್ನ ಅಧಿಕೃತ ಪಂದ್ಯಗಳಲ್ಲಿ ನಿಷೇಧಿಸಿತು. ಹೆಚ್ಚು ಬೆಲೆ ಕೊಟ್ಟು ಕೊಂಡ ಸೌಲಭ್ಯವನ್ನು ಬಳಸಿದವರು ಆಟದಿಂದ ಹೊರಗೆ!

ಈಗ ನಮ್ಮ ಭಾಷೆಗಳ ವಿಷಯ. ಅಂಗಡಿಯಲ್ಲಿ 'ಕನ್ನಡ ಕೀಬೋರ್ಡ್ ಇದೆಯೇ' ಎಂದು ಕೇಳುವವರಿದ್ದಾರೆ. ಅದರ ಅಗತ್ಯವಿಲ್ಲ. ಕೀಲಿಯ ಮೇಲೆ ಏನೇ ಅಚ್ಚಾಗಿರಲಿ, ಅಕ್ಷರ ಯಾವುದೆಂದು ನಿರ್ಧರಿಸುವುದು ತಂತ್ರಾಂಶ. ಕನ್ನಡಕ್ಕೆ ಮುಖ್ಯವಾಗಿ ಎರಡು ಜೋಡಣೆಗಳಿವೆ. ಒಂದು, 1986ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಲಿಪಿಗಳಿಗೆ ಸಮಾನವಾಗಿ ಗೊತ್ತುಪಡಿಸಿದ ಇನ್‌ಸ್ಕ್ರಿಪ್ಟ್. ಇದರಲ್ಲಿ ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ. ಇನ್ನೊಂದು, ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ರೂಪಿಸಿದ್ದು. ಅದನ್ನೇ ಅಲ್ಪಸ್ವಲ್ಪ ತಿದ್ದಿ ಕರ್ನಾಟಕ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡಿತು, 'ನುಡಿ' ತಂತ್ರಾಂಶದಲ್ಲಿರುವುದು ಅದೇ.

ಕೆ. ಪಿ. ರಾವ್ ಅವರ ಜಾಣ್ಮೆಯನ್ನು ನಾನು ತರಗತಿಯಲ್ಲಿ ಹೀಗೆ ತೋರಿಸುತ್ತೇನೆ. 'ಕನ್ನಡ' ಎಂದು ಮೂಡಿಸಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ. ಎಫ್ ಎಂದರೆ ಇಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸುವ ವಿರಾಮದ ಕೀಲಿ, ಡಬ್ಲ್ಯು ಎಂದರೆ ಡ. ಐದೇ ಒತ್ತು! ಎಡ ತೋರುಬೆರಳು ವಿಶ್ರಾಂತಿಯಲ್ಲಿರುವ ಜಾಗವೇ ಎಫ್, ಗುರುತಿಗಾಗಿ ಅಲ್ಲಿ ಸಣ್ಣ ಉಬ್ಬು ಕೂಡ ಇರುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಎಷ್ಟು ಹೆಚ್ಚೆಂದು ಬಲ್ಲವರಿಗೆ ಆ ಸ್ಥಾನ ಏಕೆಂದು ವಿವರಿಸಬೇಕಾಗಿಲ್ಲ. ಇನ್ನು ಮಹಾಪ್ರಾಣ, ದೀರ್ಘಸ್ವರ, ಣ, ಳ ಇವೆಲ್ಲ ಶಿಫ್ಟ್ ಹಿಡಿದು ಒತ್ತುವಂಥವು. ಕೆ ಒತ್ತಿದರೆ ಕ, ಶಿಫ್ಟಿನೊಡನೆ ಖ. ಉರ್ದುವಿನ ಫೋನೆಟಿಕ್ ಜೋಡಣೆಯಲ್ಲೂ ಕೆ ಒತ್ತಿದರೆ ಕಾಫ್, ಶಿಫ್ಟಿನೊಡನೆ ಖೇ. ಜಿ ಒತ್ತಿದರೆ ಗಾಫ್, ಶಿಫ್ಟಿನೊಡನೆ ಗೈನ್. ಕನ್ನಡದಲ್ಲಿ ಅದೇ ಕೀಲಿ ಗ ಮತ್ತು ಘ. ಎರಡೂ ಭಾಷೆ ಓದುವ ನಮ್ಮ ಮಕ್ಕಳು ಒಂದನ್ನು ಕಲಿತರೆ ಇನ್ನೊಂದಕ್ಕೆ ಬೆರಳು ಅರ್ಧ ತಯಾರಾಗಿರುತ್ತದೆ.

ಇಂಗ್ಲಿಷ್ ಟೈಪು ಮಾಡುವವರಿಗೆ ಶಿಫ್ಟ್ ಬೇಕಾಗುವುದು ವಾಕ್ಯಕ್ಕೊಮ್ಮೆ. ನಮಗೆ ಹೆಚ್ಚುಕಡಿಮೆ ಪದಕ್ಕೊಮ್ಮೆ. ಅದನ್ನು ಒತ್ತುವುದು ಹತ್ತರಲ್ಲಿ ತೀರ ದುರ್ಬಲವಾದ ಕಿರುಬೆರಳು. ಕೀಬೋರ್ಡುಗಳ ಗುಣಗಾನ ಮಾಡುವ ಬರಹಗಳು ಈ ಸಂಗತಿಯನ್ನು ಹೇಳುವುದಿಲ್ಲ, ಏಕೆಂದರೆ ಅವು ಇಂಗ್ಲಿಷಿನವರಿಗಾಗಿ ಬರೆದಂಥವು. ಬಿಗಿಯಾದ ಕಪ್ಪು ಸ್ವಿಚ್ಚನ್ನು ಕನ್ನಡ ಅಥವಾ ಉರ್ದು ಟೈಪು ಮಾಡುವವರಿಗೆ ನಾನು ಸೂಚಿಸುವುದಿಲ್ಲ. ಮೇಜಿನ ಜಾಗ ಉಳಿಸಲು ಬಲಗಡೆಯ ಶಿಫ್ಟನ್ನು ಮೊಟಕುಗೊಳಿಸಿದ ಪುಟ್ಟ ಕೀಬೋರ್ಡುಗಳೂ ನಮಗೆ ಹೊಂದುವುದಿಲ್ಲ. ಇನ್‌ಸ್ಕ್ರಿಪ್ಟ್ ಕಲಿತವರು ಆವರಣ ಚಿಹ್ನೆಯ ಕೀಲಿಗಳೂ ಸರಿಯಾದ ಗಾತ್ರದಲ್ಲಿವೆಯೇ ನೋಡಬೇಕು, ಅವರ ಡ ಇರುವುದು ಅಲ್ಲೇ.

ಸ್ವಿಚ್ಚಿನ ಬಣ್ಣಕ್ಕೆ ಬಂದರೆ, ನಿಮ್ಮ ಬೆರಳಿನಷ್ಟೇ ನಿಮ್ಮ ಮನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದೇ ಕೋಣೆಯಲ್ಲಿ ತಂಗಿ ಓದುತ್ತ, ಅಜ್ಜಿ ಮಲಗಿರುವ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ನೀಲಿ ಸ್ವಿಚ್ಚು ಕುಟ್ಟಿದರೆ ಮರುದಿನ ಕೀಬೋರ್ಡು ಅಟ್ಟ ಸೇರುತ್ತದೆ. ಅಂಥಲ್ಲಿ ಟೈಪಿಂಗ್ ಹೆಚ್ಚಿದ್ದರೆ ಕಂದು, ಆಟ ಹೆಚ್ಚಿದ್ದರೆ ಕೆಂಪು. ಡಿಟಿಪಿಯನ್ನೇ ಉದ್ಯೋಗ ಮಾಡಿಕೊಳ್ಳುವವರು, ಪ್ರತ್ಯೇಕ ಕೋಣೆ ಇದ್ದವರು ನೀಲಿಯನ್ನು ಧಾರಾಳವಾಗಿ ಆರಿಸಬಹುದು. ಇನ್ನೂ ಟೈಪಿಂಗ್ ಕಲಿಯದ ಮಕ್ಕಳಿಗಾದರೆ ಮೊದಲು ಶಾಲೆಯ ಸಾಧಾರಣ ಕೀಬೋರ್ಡೇ ಸಾಕು. ಹತ್ತು ಬೆರಳೂ ತಮ್ಮ ತಮ್ಮ ಕೀಲಿಗೆ ತಾವೇ ಹೋಗುವಂತಾದ ಮೇಲೆ ಹಣ ಹಾಕಿ.

ಅಂಗಡಿಯಲ್ಲಿ ಬರಿಯ ಬಣ್ಣ ನೋಡಿ ಬರಬೇಡಿ. ಪೆಟ್ಟಿಗೆಯಿಂದ ಹೊರತೆಗೆಸಿ, ಎರಡೂ ಕೈ ಇಟ್ಟು, ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿರಿ. ಆಮೇಲೆ ಶಿಫ್ಟ್ ಹಿಡಿದು ಖ, ಘ, ಥ, ಧ, ಭಗಳ ಕೀಲಿಗಳನ್ನು ಸಾಲಾಗಿ ಹತ್ತು ಬಾರಿ ಒತ್ತಿರಿ. ಕಿರುಬೆರಳು ನೊಂದರೆ ಇನ್ನೊಂದನ್ನು ತೋರಿಸಲು ಹೇಳಿ.