ಗೂಡಿನ ಬೆಲೆ ಮತ್ತು ವರ್ತಕರ ಒಳಒಪ್ಪಂದ

ಮಂಚೇನಹಳ್ಳಿಯ ಸುತ್ತಿನ ಸೀಮೆಯಲ್ಲಿ ರೇಷ್ಮೆ ಬೆಳೆಯುವ ಮನೆಯವರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಂದ್ರಂಕಿಯಿಂದ ಬಿಡಿಸಿದ ಗೂಡು ಕಾಯುವುದಿಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಹುಳು ಪತಂಗವಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಅಖಂಡವಾದ ಎಳೆ ಬಾರದು. ರಾಗಿಯನ್ನು ಹಗೇವಿನಲ್ಲಿಟ್ಟು ಬೆಲೆಗಾಗಿ ಕಾಯಬಹುದು, ಗೂಡನ್ನು ಹಾಗೆ ಇಡಲಾಗದು. ಆದುದರಿಂದ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಒಯ್ದ ರೈತನಿಗೆ ಮಾರದೆ ಹಿಂದಿರುಗುವುದು ಕಷ್ಟ. ಕೊಳ್ಳುವ ರೀಲರುಗಳೋ ನಿತ್ಯ ಒಬ್ಬರಿಗೊಬ್ಬರು ಎದುರಾಗುವವರು. ಇಂತಹ ಕಡೆ ಕೊಳ್ಳುವವರು ಇಂತಿಷ್ಟಕ್ಕಿಂತ ಮೇಲೆ ಕೂಗುವುದು ಬೇಡವೆಂದು ಕಣ್ಸನ್ನೆಯಲ್ಲಿ ಒಪ್ಪಿಕೊಂಡರೆ ಸಾಕು, ಹರಾಜು ನಡೆದಂತೆ ಕಾಣುತ್ತದೆ, ಪೈಪೋಟಿ ಮಾತ್ರ ನಡೆದಿರುವುದಿಲ್ಲ. ಈ ಬಗೆಯ ಒಳಒಪ್ಪಂದಕ್ಕೆ ಈಗ ಕಾರ್ಟೆಲ್ ಎಂಬ ಹೆಸರುಂಟು.

ಹೆಸರು ಹೊಸದು, ಕೆಲಸ ಹಳೆಯದು. ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದು ಅನುಚಿತ ಬೆಲೆಗೆ ಕೊಂಡರೂ ಮಾರಿದರೂ ಸಾವಿರ ಪಣ ದಂಡವೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸಿದೆ. ಯಾಜ್ಞವಲ್ಕ್ಯಸ್ಮೃತಿಯು ಕುಶಲಕರ್ಮಿಗಳಿಗೆ ಬಾಧೆಯಾಗುವಂತೆ ಕೂಡಿ ಬೆಲೆ ಕಟ್ಟುವವರಿಗೂ ಅತ್ಯುನ್ನತ ದಂಡವನ್ನು, ಎಂದರೆ 1080 ಪಣಗಳನ್ನು, ಹೇಳುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಬಸವಣ್ಣನವರಿಗಿಂತ ತುಸು ಮೊದಲು, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ ಎಂಬುದು ನಮ್ಮ ವಾಚಕರಿಗೆ ಪ್ರಿಯವಾದ ವಿಷಯವಾದೀತು. ವರ್ತಕರ ಕೂಟವೆಲ್ಲ ಒಳಸಂಚೆಂದು ಇದರ ಅರ್ಥವಲ್ಲ. ಅಯ್ಯಾವೊಳೆಯ ಐನೂರ್ವರು ಕೂಡಿಯೇ ದೂರದೇಶಗಳಿಗೆ ಹೋದರು, ಕೂಡಿಯೇ ದತ್ತಿ ಬಿಟ್ಟರು. ದಂಡ ವಿಧಿಸಿದ್ದು ಕೂಡಿದ್ದಕ್ಕಲ್ಲ, ಕೂಡಿ ಬೆಲೆಯನ್ನು ಕೆಡಿಸಿದ್ದಕ್ಕೆ.

ಗೂಡಿನ ವ್ಯಾಪಾರವನ್ನು ಮಧ್ಯವರ್ತಿಗಳ ಕೈಯಿಂದ ಬಿಡಿಸಲು ಮೈಸೂರು ರಾಜ್ಯವು 1959ರಲ್ಲಿ ಕಾಯ್ದೆ ಮಾಡಿತು. ಸರಕಾರಿ ಮಾರುಕಟ್ಟೆ, ಸರಿಯಾದ ತೂಕ, ಎಲ್ಲರಿಗೂ ಕೇಳಿಸುವ ಬಹಿರಂಗ ಹರಾಜು ಇವು ಆ ವ್ಯವಸ್ಥೆಯ ಆಧಾರ. ದನದ ಜಾತ್ರೆಯಲ್ಲಿ ವಸ್ತ್ರದಡಿ ಬೆರಳು ಹಿಡಿದು ಬೆಲೆ ಹೇಳುವ ರೂಢಿಯನ್ನು ಕಂಡವರಿಗೆ ಬಹಿರಂಗ ಕೂಗಿನ ಬೆಲೆ ಏನೆಂದು ತಿಳಿದೀತು. ಇಲ್ಲಿ ರೀಲರನ್ನೇ ಖಳನೆಂದು ಬಗೆಯುವುದು ಅನ್ಯಾಯ. ಸಾಲ ತಂದು ಗೂಡು ಕೊಂಡ ಸಣ್ಣ ರೀಲರನು ನೂಲು ಮಾರುವಾಗ ದೊಡ್ಡ ವರ್ತಕರ ಮುಂದೆ ರೈತನಷ್ಟೇ ದುರ್ಬಲನು. ಬೆಂಗಳೂರಿನ ರೇಷ್ಮೆ ವಿನಿಮಯ ಕೇಂದ್ರವೂ 1979ರಲ್ಲಿ ಸ್ಥಾಪಿತವಾದ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿಯೂ ಆ ಕೊರತೆಯನ್ನು ನೀಗಲೆಂದು ಬಂದವು. ಈಚೆಗೆ ಇ-ಹರಾಜು ಬಂದು, ಕೂಗುವ ಬದಲು ಮೊಬೈಲಿನಲ್ಲಿ ಬೆಲೆ ನಮೂದಿಸುವಂತಾಯಿತು. ಕಣ್ಸನ್ನೆಗೆ ಅಲ್ಲಿ ಎಡೆ ಕಡಿಮೆ. ಹಿಂದಿನ ಸಂಜೆಯೇ ಆದ ಮಾತುಕತೆಯನ್ನು ಯಾವ ಯಂತ್ರವೂ ಕೇಳಿಸಿಕೊಳ್ಳಲಾರದು.

ದೇಶದ ಮಟ್ಟದಲ್ಲಿಯೂ ತೊಡಕು ಇದೇ. 2002ರ ಸ್ಪರ್ಧಾ ಕಾಯ್ದೆಯು ಬೆಲೆಯ ಒಳಒಪ್ಪಂದವನ್ನೂ ಹರಾಜಿನ ಸಂಚನ್ನೂ ನಿಷೇಧಿಸಿತು. ಸ್ಪರ್ಧಾ ಆಯೋಗವು 2012ರಲ್ಲಿ ಸಿಮೆಂಟು ಕಂಪನಿಗಳಿಗೆ ಆರು ಸಾವಿರ ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತಾದರೂ ಮೇಲ್ಮನವಿಗಳಲ್ಲಿ ವಿವಾದ ವರ್ಷಗಟ್ಟಲೆ ಎಳೆಯಿತು. ಬರೆದಿಡದ ಒಪ್ಪಂದಕ್ಕೆ ಸಾಕ್ಷಿ ಎಲ್ಲಿಯದು? ಅದಕ್ಕಾಗಿಯೇ ಒಳಗಿದ್ದವನೊಬ್ಬನು ಮುಂದೆ ಬಂದು ಸತ್ಯ ಹೇಳಿದರೆ ಅವನ ದಂಡವನ್ನು ತಗ್ಗಿಸುವ ಉಪಾಯವನ್ನು ಆ ಕಾಯ್ದೆಯಲ್ಲಿಯೇ ಇಟ್ಟಿದ್ದಾರೆ. ಕಂಪನಿಗೆ ಅದು ಲಾಭನಷ್ಟದ ಲೆಕ್ಕ. ಸಣ್ಣ ಪೇಟೆಯಲ್ಲಿ ಹಾಗೆ ಬಾಯಿಬಿಟ್ಟವನು ಮರುದಿನ ಅದೇ ಜನರ ನಡುವೆ ನಿಂತು ಗೂಡು ಕೊಳ್ಳಬೇಕು.